ಮನೆ ಖಾಲಿ ಮಾಡೋರು ಅಡ್ವಾನ್ಸ್ ವಾಪಸ್ ತಗೊಳ್ಳೋದು ಹೇಗೆ: ಕೀ ಕೊಡೋಕ್ ಮುಂಚೆ ಓದ್ಕೊಳ್ಳಿ

ಒಂದು ಮನೆ ಖಾಲಿ ಮಾಡಿ ಅಡ್ವಾನ್ಸ್‌ಗೋಸ್ಕರ ಮೂರು ತಿಂಗಳು ಅಲೆದಿದೀನಿ ನಾನು. ಫೋನ್ ಮಾಡಿದ್ರೆ "ನಾಳೆ ಹಾಕ್ತೀನಿ", ನಾಳೆ ಮಾಡಿದ್ರೆ "ಊರಲ್ಲಿಲ್ಲ, ಬಂದು ಮಾತಾಡ್ತೀನಿ", ಮುಂದಿನ ವಾರ ಮಾಡಿದ್ರೆ ಎತ್ತೋದೇ ಇಲ್ಲ. ಮೊದಮೊದ್ಲು ನಂಗನ್ಸಿದ್ದು ಈ ಮನುಷ್ಯನಿಗೆ ನನ್ ಮೇಲೆ ಏನೋ ಸಿಟ್ಟಿರ್ಬೇಕು ಅಂತ, ಯಾವತ್ತೋ ಏನೋ ಅಂದಿದ್ನಾ, ನೀರಿನ ವಿಷ್ಯಕ್ಕೆ ಜಗಳ ಆಗಿತ್ತಲ್ಲ ಅದಾ ಅಂತೆಲ್ಲಾ ತಲೆ ಕೆಡಿಸ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು ಸಿಟ್ಟೂ ಇಲ್ಲ ಮಣ್ಣೂ ಇಲ್ಲ, ದುಡ್ಡು ಅವ್ರ ಹತ್ರ ಇರ್ಲೇ ಇಲ್ಲ. ನಾನು ಕೊಟ್ಟ ದಿನಾನೇ ಅದು ಇನ್ನೆಲ್ಲಿಗೋ ಹೋಗಿತ್ತು, ಮನೆಗೆ ಹೊಸಬ್ರು ಬಂದು ಅವ್ರು ಕೊಟ್ಟ ಅಡ್ವಾನ್ಸಲ್ಲಿ ನಂದು ತೀರಿಸ್ಬೇಕಿತ್ತು ಅವ್ರು.

ಇದನ್ನ ಯಾಕೆ ಮೊದ್ಲೇ ಹೇಳ್ತಿದೀನಿ ಅಂದ್ರೆ ಅಡ್ವಾನ್ಸ್ ಕೊಡದೇ ಇರೋ ಓನರ್‌ಗಳು ಎಲ್ರೂ ಒಂದೇ ತರ ಅಲ್ಲ. ಒಬ್ರು ಕೊಡೋ ಮನಸ್ಸಿದ್ದು ಕೈಯಲ್ಲಿ ಇಲ್ದೇ ಇರೋರು. ಇನ್ನೊಬ್ರು ದುಡ್ಡಿದೆ, ಆದ್ರೆ ಪೇಂಟು ಕ್ಲೀನಿಂಗು ಅದು ಇದು ಅಂತ ಅರ್ಧ ಮುರ್ಕೊಳ್ಳೋಣ ಅಂತಿರೋರು. ಮೂರನೇವ್ರು ಕೊಡದಿದ್ರೆ ಏನ್ ಮಾಡ್ತಾನೆ ಇವ್ನು ಅಂತ ಗಟ್ಟಿಯಾಗಿ ಕೂತಿರೋರು, ಇವ್ರು ಅಂದ್ಕೊಂಡಷ್ಟು ಜನ ಇಲ್ಲ. ಮೊದಲನೇವ್ರ ಹತ್ರ ಟೈಮಿಂಗ್ ಕೆಲ್ಸ ಮಾಡತ್ತೆ, ಎರಡನೇವ್ರ ಹತ್ರ ಫೋಟೋ ಮತ್ತೆ ಬಿಲ್ಲು, ಮೂರನೇವ್ರ ಹತ್ರ ಕಾಗದ ಮತ್ತೆ ಕಾನೂನು. ನಿಮ್ಮ ಓನರ್ ಯಾವ ಜಾತಿ ಅಂತ ಗೊತ್ತಿಲ್ದೆ ಶುರುನಲ್ಲೇ ಕೂಗಾಡಿದ್ರೆ ಒಂದನೇವ್ರೂ ಮೂರನೇವ್ರಾಗ್ಬಿಡ್ತಾರೆ.

ಮನೆಗೆ ಹೋಗೋ ದಿನ ಮಾಡ್ಬೇಕಾದ್ದು

ಸಾಮಾನು ಇಳಿಸೋಕ್ ಮುಂಚೆ ಖಾಲಿ ಮನೆದು ಒಂದು ವಿಡಿಯೋ ಮಾಡಿ. ಬಾಗಿಲಿಂದ ಶುರು ಮಾಡಿ, ಮಧ್ಯ ನಿಲ್ಲಿಸ್ದೆ, ಬಾಯಲ್ಲಿ ತಾರೀಖು ಹೇಳ್ತಾ, ಒಂದೇ ಉದ್ದ ವಿಡಿಯೋ. ಜನ ಹಾಲ್ ಚೆನ್ನಾಗಿ ತೆಗೀತಾರೆ, ಜಗಳ ಬರೋದು ಹಾಲ್ ವಿಷ್ಯಕ್ಕಲ್ಲ. ಸಿಂಕ್ ಕೆಳಗೆ, ಬಾತ್‌ರೂಮ್ ಮೂಲೆಲಿ ಬೂಷ್ಟು, ಬಾಗಿಲ ಹಿಂದೆ ಯಾರೋ ಹೊಡೆದ ಮೊಳೆ ತೂತು, ಕಿಟಕಿ ಗಾಜಲ್ಲಿ ಕೂದಲೆಳೆ ಸೀಳು, ವಾರ್ಡ್‌ರೋಬ್ ಬಾಗಿಲು ಸರಿಯಾಗಿ ಮುಚ್ಚತ್ತಾ, ಫ್ಲಶ್ ನಿಲ್ಲತ್ತಾ, ಚಿಲಕ ಬೀಳತ್ತಾ, ಮೀಟರ್ ರೀಡಿಂಗ್ ಎಷ್ಟು, ಇವೆಲ್ಲ ಹತ್ರದಿಂದ ತೆಗೀರಿ. ಫರ್ನಿಷ್ಡ್ ಮನೆ ಆದ್ರೆ ಪ್ರತಿ ಸಾಮಾನಿಂದೂ ಬೇರೆ ಫೋಟೋ, ಸೋಫಾ ಕುಶನ್ ಎತ್ತಿ ಅದರ ಕೆಳಗಡೆದೂ ಸೇರಿ.

ತೆಗೆದು ನಿಮ್ ಫೋನಲ್ಲೇ ಇಟ್ಕೊಂಡ್ರೆ ಅರ್ಧ ಕೆಲ್ಸ ಅಷ್ಟೇ. ಅವತ್ತೇ ಓನರ್‌ಗೆ ಕಳ್ಸಿ, ಜೊತೆಗೆ ಎರಡು ಲೈನ್ ಟೈಪ್ ಮಾಡಿ, "ಸರ್, ಇವತ್ತು ಕೀ ತಗೊಂಡ್ವಿ. ಸಿಂಕ್ ಕೆಳಗೆ ನೀರು ಜಿನುಗ್ತಿದೆ, ಬೆಡ್‌ರೂಮ್ ಕಿಟಕಿ ಗಾಜು ಸೀಳಿದೆ, ನಿಮ್ಮ ಗಮನಕ್ಕೆ" ಅಂತ. ನಿಮ್ ಫೋನಲ್ಲಿರೋ ಫೋಟೋ ಯಾವತ್ತಿಂದು ಅಂತ ನಾಳೆ ವಾದ ಮಾಡ್ಬಹುದು, ಅವ್ರ ಫೋನಿಗೆ ಅವತ್ತೇ ಹೋಗಿ ಬಿದ್ದಿರೋದನ್ನ ಏನಂತ ವಾದ ಮಾಡ್ತಾರೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರೆ, ಬಾಡಿಗೆ ಮನೆ ವಿಷ್ಯದಲ್ಲಿ ಮಾತ್ರ ಕನ್ನಡಿ ಬೇಕೇ ಬೇಕು.

ದುಡ್ಡು ಬ್ಯಾಂಕಿಂದಾನೇ ಕೊಡಿ, ಕೊಡ್ವಾಗ ರಿಮಾರ್ಕ್ಸಲ್ಲಿ ಡೆಪಾಸಿಟ್ ಅಂತ ಹಾಕಿ. ಕ್ಯಾಶೇ ಬೇಕು ಅಂದ್ರೆ ರಸೀದಿ, ಸಹಿ, ತಾರೀಖು. ಅಗ್ರಿಮೆಂಟಲ್ಲಿ ಇರೋ ಹೆಸ್ರು ಒಂದು, ದುಡ್ಡು ಹೋಗಿರೋ ಅಕೌಂಟ್ ಇನ್ನೊಬ್ರದ್ದು ಅಂತಾದ್ರೆ ಅದನ್ನೂ ಒಂದು ಮೆಸೇಜಲ್ಲಿ ಒಪ್ಪಿಸ್ಕೊಳ್ಳಿ, "ನೀವು ಹೇಳಿದ ಹಾಗೆ ನಿಮ್ಮ ಮಗನ ಅಕೌಂಟಿಗೆ ಹಾಕಿದೀನಿ" ಅಂತ. ರೂಮ್‌ಮೇಟ್ಸ್ ಜೊತೆ ಇರೋರು ಯಾರ್ಯಾರು ಎಷ್ಟೆಷ್ಟು ಕೊಟ್ಟಿದೀರಿ ಅಂತ ನಿಮ್ಮನಿಮ್ಮಲ್ಲೇ ಬರ್ದಿಟ್ಕೊಳ್ಳಿ, ಮಧ್ಯದಲ್ಲಿ ಬಿಟ್ಟು ಹೋದವನ ಪಾಲು ಯಾರು ಕೊಡ್ಬೇಕು ಅನ್ನೋ ಜಗಳದಲ್ಲಿ ಎಷ್ಟೋ ಸಲ ಓನರ್ ತಪ್ಪೇ ಇರಲ್ಲ.

ಇದ್ಯಾವ್ದೂ ಮಾಡಿಲ್ಲ, ಈಗಾಗ್ಲೇ ಎರಡು ವರ್ಷ ಆಯ್ತು ಅನ್ನೋರು ಹಳೇ ಫೋಟೋ ಹುಡುಕಿ. ಮನೆ ನೋಡೋಕೆ ಹೋದಾಗ ಮನೆಯವ್ರಿಗೆ ಕಳ್ಸಿದ್ದು, ಬಾಡಿಗೆಗಿದೆ ಅಂತ ಆನ್‌ಲೈನಲ್ಲಿ ಹಾಕಿದ್ದ ಜಾಹೀರಾತಿನ ಫೋಟೋ, ಬ್ರೋಕರ್ ಕಳ್ಸಿದ್ದು, ಮಗು ಬರ್ತ್‌ಡೇ ಫೋಟೋದಲ್ಲಿ ಹಿಂದೆ ಕಾಣೋ ಗೋಡೆ ಕೂಡ ಸಾಕ್ಷಿನೇ. ಮತ್ತೆ ಇರೋವಾಗ ಏನಾದ್ರೂ ಕೆಟ್ರೆ, ಗೋಡೆಗೆ ತೇವ ಬಂದ್ರೆ, ಪೈಪ್ ಸೋರಿದ್ರೆ ಅವತ್ತೇ ಮೆಸೇಜ್ ಹಾಕಿ. ಅವ್ರು ರಿಪೇರಿ ಮಾಡ್ಸದೇ ಇರ್ಲಿ ಪರ್ವಾಗಿಲ್ಲ, ನೀವು ಹೇಳಿದ್ರಿ ಅನ್ನೋದು ಇರ್ಬೇಕು. ಹೇಳದೇ ಬಿಟ್ಟು ಸೋರ್ಕೆ ದೊಡ್ಡದಾಗಿ ಕ್ಯಾಬಿನೆಟ್ ಕೊಳೆತ್ರೆ ಅದು ನಿಮ್ ತಲೆಗೇ ಬರತ್ತೆ, ಅದ್ರಲ್ಲಿ ಸ್ವಲ್ಪ ನ್ಯಾಯಾನೂ ಇದೆ.

ನೋಟಿಸ್ ಕೊಡೋಕ್ ಮುಂಚೆ ಅಗ್ರಿಮೆಂಟ್ ಮತ್ತೆ ಓದಿ

ಸಹಿ ಮಾಡಿದ ದಿನ ಯಾರೂ ಪೂರ್ತಿ ಓದಿರಲ್ಲ, ನಾನೂ ಓದಿರ್ಲಿಲ್ಲ. ನೋಟಿಸ್ ಎಷ್ಟು ದಿನದ್ದು, ಇಂತಿಷ್ಟು ತಿಂಗಳು ಇರ್ಲೇಬೇಕು ಅನ್ನೋ ಲಾಕ್‌ಇನ್ ಇದೆಯಾ, ಪೇಂಟಿಂಗ್‌ಗೆ ಇಷ್ಟು ಕಟ್ ಅಂತ ಬರ್ದಿದ್ಯಾ, ಅಡ್ವಾನ್ಸ್ ಯಾವಾಗ ವಾಪಸ್ ಅಂತ ಇದೆ, ಈ ನಾಲ್ಕು ಹುಡುಕಿ. ನೋಟಿಸ್ ಬಾಯಲ್ಲಿ ಹೇಳ್ಬೇಡಿ, ಹೇಳಿದ್ರೂ ಹಿಂದೇನೇ ಮೆಸೇಜೋ ಮೇಲೋ ಹಾಕಿ, ಖಾಲಿ ಮಾಡೋ ತಾರೀಖು ಖಚಿತವಾಗಿ ಬರೀರಿ. "ಮುಂದಿನ ತಿಂಗಳು ಹೊರಡ್ತೀವಿ" ಅನ್ನೋದು ನೋಟಿಸ್ ಅಲ್ಲ. ಲೆಕ್ಕದಲ್ಲಿ ಐದು ದಿನ ಕಮ್ಮಿ ಬಿದ್ರೂ ಒಂದು ತಿಂಗಳ ಬಾಡಿಗೆ ಮುರ್ಕೊಳ್ಳೋಕೆ ನೆಪ ಸಿಗತ್ತೆ.

ಅದೇ ಮೆಸೇಜಲ್ಲಿ ಈ ಪ್ರಶ್ನೆ ಕೇಳ್ಬಿಡಿ, ಸಂಕೋಚ ಬೇಡ: "ಸರ್, ಅಡ್ವಾನ್ಸ್ ಕೀ ಕೊಡೋ ದಿನಾನೇ ಸಿಗತ್ತಾ, ಇಲ್ಲ ಹೊಸಬ್ರು ಬಂದ್ಮೇಲಾ? ಹೇಳಿದ್ರೆ ನಾವೂ ಅದ್ರ ಪ್ರಕಾರ ಪ್ಲಾನ್ ಮಾಡ್ಕೋತೀವಿ." ಈ ಒಂದು ಪ್ರಶ್ನೆಗೆ ಬರೋ ಉತ್ತರದಲ್ಲಿ ನಿಮ್ ಓನರ್ ಆ ಮೂರ್ರಲ್ಲಿ ಯಾರು ಅಂತ ಬಹುಪಾಲು ಗೊತ್ತಾಗತ್ತೆ. ಹೊಸಬ್ರು ಬರ್ಬೇಕು ಅಂದ್ರೆ ಕೈಯಲ್ಲಿ ದುಡ್ಡಿಲ್ಲ ಅಂತರ್ಥ. ಆಗ ನೀವೇ ಮನೆ ತೋರ್ಸೋಕೆ ಸಹಾಯ ಮಾಡಿ, ಪರಿಚಯದವ್ರಿಗೆ ಹೇಳಿ, ಮನೆ ನೋಡೋಕೆ ಬರೋರಿಗೆ ಮುಖ ಸಿಂಡರಿಸ್ಬೇಡಿ, ಮನೆ ನೀಟಾಗಿಡಿ. ಇದು ಉಪಕಾರ ಅಲ್ಲ, ಆ ಹೊಸಬ್ರ ದುಡ್ಡಲ್ಲೇ ನಿಮ್ದು ಬರೋದು.

ಕೊನೆ ತಿಂಗಳ ಬಾಡಿಗೆ ಕೊಡದೆ ಅಡ್ವಾನ್ಸಲ್ಲಿ ಮುರ್ಕೊಳ್ಳಿ ಅನ್ನೋ ಐಡಿಯಾ ಎಲ್ರೂ ಕೊಡ್ತಾರೆ. ಓನರ್ ಒಪ್ಪಿದ್ರೆ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ, ಕೈಯಲ್ಲಿ ದುಡ್ಡಿಲ್ದಿರೋ ಓನರ್‌ಗೂ ಒಟ್ಟಿಗೆ ಕೊಡ್ಬೇಕಾದ ಮೊತ್ತ ಕಮ್ಮಿ ಆಗತ್ತೆ ಅಂತ ಖುಷಿ. ಆದ್ರೆ ಒಪ್ಪಿಗೆ ಮೆಸೇಜಲ್ಲಿ ಇರ್ಬೇಕು. ಹೇಳದೆ ಕೇಳದೆ ಬಾಡಿಗೆ ನಿಲ್ಸಿದ್ರೆ ಅಲ್ಲಿವರ್ಗೂ ಸರಿ ಇದ್ದ ನಿಮ್ ರೆಕಾರ್ಡಲ್ಲಿ ಬಾಡಿಗೆ ಬಾಕಿ ಅಂತ ಒಂದು ಕಪ್ಪುಚುಕ್ಕೆ ಬೀಳತ್ತೆ, ಮುಂದೆ ಯಾರ್ ಹತ್ರ ಹೋದ್ರೂ ಮೊದ್ಲು ಕೇಳೋದು ಅದನ್ನೇ.

ಯಾವ್ದು ಮುರ್ಕೋಬಹುದು, ಯಾವ್ದು ಮುರ್ಕೊಳ್ಳೋ ಹಾಗಿಲ್ಲ

ಜಗಳದ ಮುಕ್ಕಾಲು ಭಾಗ ಇಲ್ಲೇ ಇರೋದ್ರಿಂದ ಸ್ವಲ್ಪ ನಿಧಾನಕ್ಕೆ ಹೋಗೋಣ. ಹೆಚ್ಚುಕಮ್ಮಿ ಎಲ್ಲಾ ದೇಶದ ಕಾನೂನಲ್ಲೂ ಒಂದು ಮಾತು ಇದ್ದೇ ಇದೆ: ಸಹಜವಾಗಿ ಸವೆದಿದ್ದಕ್ಕೆ ಬಾಡಿಗೆದಾರ ಹೊಣೆ ಅಲ್ಲ. ಭಾರತದಲ್ಲಿ ಇದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನಲ್ಲೇ ಇದೆ, ಅಂದ್ರೆ ನಮ್ ಮುತ್ತಜ್ಜನ ಕಾಲದಿಂದ ಇರೋ ರೂಲು, ಯಾರೋ ಹೊಸದಾಗಿ ಹುಟ್ಟಿಸಿದ್ದಲ್ಲ.

ಸವೆಯೋದು ಯಾವ್ದು ಹಾಳಾಗೋದು ಯಾವ್ದು ಅಂತ ಹೇಗೆ ಗೊತ್ತಾಗೋದು? ನಾನು ಇಟ್ಕೊಂಡಿರೋ ಪ್ರಶ್ನೆ, ಎಷ್ಟೇ ಜೋಪಾನವಾಗಿದ್ರೂ ಇದು ಆಗ್ತಿತ್ತಾ ಅಂತ. ಬಿಸಿಲಿಗೆ ಗೋಡೆ ಬಣ್ಣ ಮಂಕಾಗೋದು, ಓಡಾಡೋ ಜಾಗದಲ್ಲಿ ನೆಲದ ಪಾಲಿಶ್ ಹೋಗೋದು, ನಲ್ಲಿ ವಾಷರ್ ಸವೆದು ತೊಟ್ಟಿಕ್ಕೋದು, ಕರ್ಟನ್ ಬಣ್ಣ ಬಿಡೋದು, ಫ್ರಿಜ್ ಇಟ್ಟ ಜಾಗದಲ್ಲಿ ಗೋಡೆ ಸ್ವಲ್ಪ ಕಪ್ಪಾಗೋದು, ಇವೆಲ್ಲ ಸವೆತ. ಗೋಡೆ ಮೇಲೆ ಮಗು ಸ್ಕೆಚ್‌ಪೆನ್ನಲ್ಲಿ ಆನೆ ಬರ್ದಿದ್ರೆ, ಇಸ್ತ್ರಿಪೆಟ್ಟಿಗೆ ಬಿದ್ದು ನೆಲ ಸುಟ್ಟಿದ್ರೆ, ಸಿಂಕ್ ಒಡೆದಿದ್ರೆ, ನಾಯಿ ಬಾಗಿಲು ಕೆರೆದಿದ್ರೆ ಅದು ಹಾನಿ, ಅದಕ್ಕೆ ಕೊಡ್ಲೇಬೇಕು. ನಾಲ್ಕೈದು ಮೊಳೆ ತೂತು ಎರಡಕ್ಕೂ ಮಧ್ಯದಲ್ಲಿ ಬರತ್ತೆ, ಪುಟ್ಟಿ ತಂದು ನೀವೇ ಮುಚ್ಬಿಡಿ, ಅರ್ಧ ಗಂಟೆ ಕೆಲ್ಸ. ಕೊಳೆ ಮಾತ್ರ ಸವೆತ ಅಲ್ಲ, ಎಷ್ಟು ವರ್ಷ ಇದ್ರೂ. ಗ್ಯಾಸ್ ಸ್ಟವ್ ಹಿಂದಿನ ಜಿಡ್ಡು, ಎಕ್ಸಾಸ್ಟ್ ಫ್ಯಾನು, ಬಾತ್‌ರೂಮ್ ಟೈಲ್ಸ್ ಮೇಲಿನ ಬಿಳಿ ಕಲೆ, ಫ್ರಿಜ್ ಒಳಗೆ, ಇವನ್ನ ಬಿಟ್ಟು ಹೋದ್ರೆ ಕ್ಲೀನಿಂಗ್‌ಗೆ ಅಂತ ಕಟ್ ಮಾಡೋದು ಅನ್ಯಾಯ ಅಲ್ಲ. ಅವ್ರು ಜನ ಕರ್ಸಿದ್ರೆ ಆಗೋ ಖರ್ಚಿಗಿಂತ ನೀವು ಒಂದು ಭಾನ್ವಾರ ಬಗ್ಗಿ ಉಜ್ಜಿದ್ರೆ ತುಂಬಾ ಕಮ್ಮೀಲಿ ಮುಗಿಯತ್ತೆ.

ಹಾನಿ ನಿಮ್ದೇ ಆದ್ರೂ ಹೊಸ ಸಾಮಾನಿನ ಪೂರ್ತಿ ರೇಟ್ ಕೊಡ್ಬೇಕು ಅಂತೇನಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಒಂದು ಹಾಸಿಗೆ 8 ವರ್ಷ ಬಾಳಿಕೆ ಬರತ್ತೆ ಅಂದ್ಕೊಳ್ಳಿ, ನೀವು ಹಾಳು ಮಾಡೋ ಹೊತ್ತಿಗೆ ಅದಕ್ಕೆ 6 ವರ್ಷ ಆಗಿತ್ತು, ಉಳಿದಿದ್ದು 2 ವರ್ಷ. ಅಂದ್ರೆ ನೀವು ಕೊಡ್ಬೇಕಾದ್ದು ಬೆಲೆಯ ನಾಲ್ಕನೇ ಒಂದು ಭಾಗ. ಪೇಂಟಿಗೂ ಇದೇ ಲೆಕ್ಕ. ನೀವು ಬರೋಕೆ ಮೂರು ವರ್ಷ ಮುಂಚೆ ಹೊಡ್ಸಿದ ಬಣ್ಣ, ನೀವು ಮೂರು ವರ್ಷ ಇದ್ರಿ, ಒಟ್ಟು ಆರು ವರ್ಷ, ನೀವು ಬರ್ದೇ ಇದ್ರೂ ಅದನ್ನ ಮತ್ತೆ ಹೊಡಿಸ್ಲೇಬೇಕಿತ್ತು. ಒಂದು ಗೋಡೆ ಕೆಡಿಸಿದ್ರೆ ಒಂದು ಗೋಡೆ ದುಡ್ಡು, ಇಡೀ ಮನೆದಲ್ಲ. ಬಾಡಿಗೆ ಜಗಳ ಬಿಡಿಸೋ ತೀರ್ಪುಗಾರರು ಇರೋ ದೇಶಗಳಲ್ಲಿ ಅವ್ರೂ ಹೀಗೇ ಲೆಕ್ಕ ಹಾಕೋದು, ಓನರ್‌ಗೆ ಆದ ನಷ್ಟ ತುಂಬ್ಬೇಕು, ಹಳೇದು ಹೋಗಿ ಫ್ರೀಯಾಗಿ ಹೊಸದು ಬರ್ಬಾರ್ದು ಅಂತ.

ಆದ್ರೆ ಅಗ್ರಿಮೆಂಟಲ್ಲೇ "ಖಾಲಿ ಮಾಡುವಾಗ ಪೇಂಟಿಂಗ್‌ಗೆ ಇಷ್ಟು ಕಡಿತ" ಅಂತ ಬರ್ದು ನೀವು ಸಹಿ ಹಾಕಿದ್ರೆ ವಾದ ಕಷ್ಟ. ಆಗ ಬೇರೆ ದಾರಿ ಹಿಡೀರಿ, ಪೇಂಟಿಂಗ್ ಹೆಸ್ರಲ್ಲಿ ಅಷ್ಟು ತಗೊಂಡ್ಮೇಲೆ ಗೋಡೆ ಕಲೆಗೆ ಅಂತ ಮತ್ತೆ ತಗೊಳ್ಳೋ ಹಾಗಿಲ್ಲ, ಒಂದೇ ಗೋಡೆಗೆ ಎರಡು ಸಲ ದುಡ್ಡಾ ಅಂತ ಕೇಳಿ.

ಖಾಲಿ ಮಾಡೋಕೆ ಎರಡು ವಾರ ಮುಂಚೆ ಓನರ್‌ನ ಕರೀರಿ

"ಸರ್, ಒಂದ್ಸಲ ಬಂದು ನೋಡ್ಕೊಂಡು ಹೋಗಿ, ಏನಾದ್ರೂ ಸರಿ ಮಾಡ್ಸೋದಿದ್ರೆ ನಾವೇ ಮಾಡಿಸ್ಕೊಡ್ತೀವಿ." ಬಂದ್ರೆ ಅವ್ರು ತೋರ್ಸಿದ್ದನ್ನೆಲ್ಲ ಪಟ್ಟಿ ಮಾಡಿ ಅವ್ರ ಎದುರಿಗೇ ಮೆಸೇಜ್ ಮಾಡಿ. ಇದ್ರಲ್ಲಿ ಎರಡು ಲಾಭ, ನಿಮ್ ರೇಟಲ್ಲಿ ರಿಪೇರಿ ಆಗತ್ತೆ, ಅವತ್ತು ಹೇಳದೇ ಇದ್ದಿದ್ದನ್ನ ಆಮೇಲೆ ಹೊಸದಾಗಿ ತೆಗೆಯೋಕೆ ಅವ್ರಿಗೇ ಮುಜುಗರ ಆಗತ್ತೆ. ಕ್ಯಾಲಿಫೋರ್ನಿಯಾದಲ್ಲಿ ಕೊನೆ ಎರಡು ವಾರದಲ್ಲಿ ಹೀಗೆ ಮುಂಚಿತವಾಗಿ ಬಂದು ನೋಡಿ ಅಂತ ಕೇಳೋದು ಬಾಡಿಗೆದಾರರ ಹಕ್ಕೇ ಆಗಿದೆ, ಉಳಿದ ಕಡೆ ನೀವು ಹಕ್ಕು ಅಂತ ಅನ್ನದೆ ವಿನಯದಿಂದ ಕೇಳಿ ಸಾಕು.

ರಿಪೇರಿ ಮಾಡ್ಸಿದ್ರೆ ಬಿಲ್ ಇಟ್ಕೊಳ್ಳಿ. ಬಣ್ಣ ಮಾತ್ರ ನೀವೇ ಹೊಡ್ಯೋಕೆ ಹೋಗ್ಬೇಡಿ, ಶೇಡ್ ಮ್ಯಾಚ್ ಆಗಲ್ಲ, ಮೊದ್ಲು ಕಲೆ ಇದ್ದ ಕಡೆ ಆಮೇಲೆ ತೇಪೆ ಕಾಣತ್ತೆ. ನನ್ ಅನುಭವ ಇದು, ನಗ್ಬೇಡಿ.

ಕೀ ಕೊಡೋ ದಿನ

ಕೀ ಇರೋವರೆಗೆ ನಿಮಗೆ ಸ್ವಲ್ಪ ಬೆಲೆ, ಕೊಟ್ಮೇಲೆ ನಿಮ್ಮ ಹತ್ರ ಉಳಿಯೋದು ದಾಖಲೆ ಒಂದೇ. ಹಾಗಂತ ದುಡ್ಡು ಕೊಡೋವರೆಗೂ ಕೀ ಕೊಡಲ್ಲ ಅಂತ ಕೂತ್ಕೊಳ್ಳೋದು ಅಪಾಯದ ಆಟ. ತಾರೀಖು ದಾಟಿದ್ರೆ ಮನೆ ಇನ್ನೂ ನಿಮ್ ಕೈಯಲ್ಲೇ ಇದೆ ಅಂತ ಲೆಕ್ಕ, ದಿನಕ್ಕಿಷ್ಟು ಅಂತ ಬಾಡಿಗೆ ಓಡ್ತಾ ಇರತ್ತೆ. ಭಾರತದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಂತೂ ಅವಧಿ ಮುಗಿದ್ಮೇಲೂ ಬಿಡದೇ ಇದ್ರೆ ಮೊದಲ ಎರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಅಂತ ಇದೆ. ಹಾಗಾಗಿ ಹಟ ಮಾಡೋದಾದ್ರೆ ತಾರೀಖಿಗೆ ಮುಂಚೆ ಮಾಡಿ. "ಕೀ ತಗೊಳ್ಳೋಕೆ ಬಂದಾಗ ಅಲ್ಲೇ ಟ್ರಾನ್ಸ್‌ಫರ್ ಮಾಡ್ಬಿಡಿ ಸರ್, ನಿಮ್ಗೂ ನಮ್ಗೂ ನೆಮ್ಮದಿ" ಅಂತ ಒಂದು ವಾರ ಮೊದ್ಲೇ ಮಾತಾಗಿರ್ಲಿ.

ಅವತ್ತು ಸಾಮಾನೆಲ್ಲ ಹೋದ್ಮೇಲೆ, ಗುಡಿಸಿ ಒರೆಸಿದ್ಮೇಲೆ, ಮೊದಲ್ನೇ ದಿನ ಮಾಡಿದ ಹಾಗೇ ಮತ್ತೆ ವಿಡಿಯೋ, ಅದೇ ದಾರೀಲಿ ಅದೇ ಮೂಲೆಗಳದ್ದು. ಮೀಟರ್ ರೀಡಿಂಗ್, ಕರೆಂಟು ನೀರು ಗ್ಯಾಸ್ ಬಿಲ್ ಕಟ್ಟಿದ ರಸೀದಿ ಓನರ್‌ಗೆ ಕಳ್ಸಿ. ಕೊನೆ ಬಿಲ್ ಇನ್ನೂ ಬಂದಿಲ್ಲ ಅಂದ್ರೆ ಹೋದ ತಿಂಗಳದಷ್ಟು ಹಿಡ್ಕೊಳ್ಳಿ, ಬಿಲ್ ಬಂದ್ಮೇಲೆ ಹೆಚ್ಚುಕಮ್ಮಿ ನೋಡೋಣ ಅಂತ ನೀವೇ ಹೇಳಿ, ಇಲ್ದಿದ್ರೆ ಒಂದು ಚಿಕ್ಕ ಬಿಲ್ ನೆಪದಲ್ಲಿ ಇಡೀ ಅಡ್ವಾನ್ಸ್ ನಿಲ್ಲತ್ತೆ. ಎಷ್ಟು ಕೀ ಕೊಟ್ರಿ, ಯಾವತ್ತು ಕೊಟ್ರಿ, ಅಡ್ವಾನ್ಸ್ ಎಷ್ಟು ಬಾಕಿ, ಈ ಮೂರು ಇರೋ ಒಂದು ಚೀಟಿ ಬರ್ದು ಇಬ್ರೂ ಸಹಿ ಹಾಕಿ. ಸಹಿ ಹಾಕಲ್ಲ ಅಂದ್ರೆ ಬೇಡ ಬಿಡಿ, ಅದನ್ನೇ ಮೆಸೇಜ್ ಮಾಡಿ. ಬ್ಯಾಂಕ್ ಅಕೌಂಟ್ ವಿವರ ಮತ್ತೆ ನಿಮ್ ಹೊಸ ವಿಳಾಸ ಬರ್ದು ಕೊಡೋದು ಮರೀಬೇಡಿ. ಇದು ಸಣ್ಣ ವಿಷ್ಯ ಅನ್ಸತ್ತೆ, ಆದ್ರೆ ಟೆಕ್ಸಾಸಲ್ಲಿ ಬಾಡಿಗೆದಾರ ಹೊಸ ವಿಳಾಸ ಬರ್ದು ಕೊಡೋವರೆಗೂ ಓನರ್ ಡೆಪಾಸಿಟ್ ವಾಪಸ್ ಮಾಡ್ಬೇಕಾಗಿಲ್ಲ ಅಂತ ಕಾನೂನೇ ಹೇಳತ್ತೆ.

ಓನರ್ ಕೀ ತಗೊಳ್ಳೋಕೇ ಬರ್ಲಿಲ್ಲ ಅಂದ್ರೆ? "ಇಂಥ ದಿನ ಇಷ್ಟೊತ್ತಿಗೆ ಕೀ ಜೊತೆ ಮನೆ ಹತ್ರ ಇರ್ತೀನಿ" ಅಂತ ಮೆಸೇಜ್ ಹಾಕಿ, ಹೋಗಿ, ಅಲ್ಲಿಂದ ಫೋಟೋ ಹಾಕಿ, ಬರ್ದೇ ಇದ್ರೆ ಸಹಿ ತಗೊಂಡು ಕೊಡೋ ಕೊರಿಯರಲ್ಲಿ ಕಳ್ಸಿ.

ಅಡ್ವಾನ್ಸ್ ಬರ್ಲಿಲ್ಲ, ಈಗೇನು?

ಮೊದ್ಲು ನೀವಿರೋ ಜಾಗದ ರೂಲ್ ಏನು ಅಂತ ನೋಡ್ಕೊಳ್ಳಿ, ಯಾಕಂದ್ರೆ ಇದು ದೇಶದಿಂದ ದೇಶಕ್ಕೆ ಅಜಗಜಾಂತರ. ಇಂಗ್ಲೆಂಡಲ್ಲಿ ಓನರ್ ಡೆಪಾಸಿಟ್‌ನ ಸರ್ಕಾರ ಒಪ್ಪಿದ ಸ್ಕೀಮಲ್ಲಿ 30 ದಿನದೊಳಗೆ ದಾಖಲು ಮಾಡ್ಲೇಬೇಕು, ಮಾಡದಿದ್ರೆ ಕೋರ್ಟ್ ಡೆಪಾಸಿಟ್‌ನ ಮೂರು ಪಟ್ಟಿನವರೆಗೂ ದಂಡ ಹಾಕ್ಬಹುದು, ಜಗಳ ಬಂದ್ರೆ ಆ ಸ್ಕೀಮ್‌ನವ್ರೇ ಫ್ರೀಯಾಗಿ ತೀರ್ಮಾನ ಮಾಡ್ತಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಲ್ಲಿ ದುಡ್ಡು ಓನರ್ ಹತ್ರ ಇರೋದೇ ಇಲ್ಲ, ಸರ್ಕಾರದ ಹತ್ರ ಇರತ್ತೆ, ಅದೂ ಹೆಚ್ಚಂದ್ರೆ 4 ವಾರದ ಬಾಡಿಗೆ. ನ್ಯೂಯಾರ್ಕಲ್ಲಿ 14 ದಿನ, ಕ್ಯಾಲಿಫೋರ್ನಿಯಾದಲ್ಲಿ 21 ದಿನ, ಅಷ್ಟರೊಳಗೆ ದುಡ್ಡು ಇಲ್ಲಾ ಯಾವ್ಯಾವ್ದಕ್ಕೆ ಎಷ್ಟೆಷ್ಟು ಕಟ್ ಅನ್ನೋ ಪಟ್ಟಿ ಕೈಗೆ ಬರ್ಬೇಕು. ಜರ್ಮನಿಯಲ್ಲಿ 3 ತಿಂಗಳ ಬಾಡಿಗೆಗಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ, ಓನರ್ ಅದನ್ನ ತನ್ನ ಸ್ವಂತ ದುಡ್ಡಿನ ಜೊತೆ ಸೇರಿಸ್ದೆ ಬೇರೆ ಇಡ್ಬೇಕು, ಅದಕ್ಕೆ ಬಡ್ಡಿನೂ ಬಾಡಿಗೆದಾರನಿಗೇ. ಕೆನಡಾದ ಒಂಟಾರಿಯೊದಲ್ಲಿ ಹಾನಿಗೆ ಅಂತ ಡೆಪಾಸಿಟ್ ತಗೊಳ್ಳೋದೇ ಕಾನೂನುಬಾಹಿರ, ಕೊನೆ ತಿಂಗಳ ಬಾಡಿಗೆ ಮುಂಗಡ ತಗೋಬಹುದು ಅಷ್ಟೇ.

ಭಾರತದಲ್ಲಿ ಮಾದರಿ ಬಾಡಿಗೆ ಕಾಯ್ದೆನ ಕೇಂದ್ರ ಸಂಪುಟ 2021ರ ಜೂನಲ್ಲಿ ಒಪ್ಪಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಡೆಪಾಸಿಟ್, ಮನೆ ವಾಪಸ್ ತಗೊಳ್ಳೋ ಹೊತ್ತಲ್ಲೇ ಅದನ್ನ ಹಿಂದಿರುಗಿಸ್ಬೇಕು ಅಂತ ಅದ್ರಲ್ಲಿ ಇದೆ. ಆದ್ರೆ ಹೆಸ್ರೇ ಹೇಳೋ ಹಾಗೆ ಅದು ಮಾದರಿ, ರಾಜ್ಯ ತನ್ನದೇ ಕಾಯ್ದೆ ಮಾಡ್ಕೊಂಡ್ರೆ ಮಾತ್ರ ಅಲ್ಲಿ ನಡೆಯೋದು. ಇಲ್ದಿದ್ರೆ ಬಹುಪಾಲು ನಿಮ್ ಅಗ್ರಿಮೆಂಟೇ ನಿಮ್ಗೆ ಕಾನೂನು, ಅದಕ್ಕೇ ಮೇಲೆ ಅಷ್ಟು ಸಲ ಓದಿ ಅಂದಿದ್ದು.

ರೂಲ್ ಏನೇ ಇರ್ಲಿ, ಮಾಡ್ಬೇಕಾದ ಕೆಲ್ಸ ಒಂದೇ: ಫೋನ್ ಮಾಡೋದು ನಿಲ್ಸಿ, ಬರೆಯೋಕೆ ಶುರು ಮಾಡಿ. ಫೋನಲ್ಲಿ ಹತ್ತು ಸಲ ಬೇಡಿದ್ದಕ್ಕೆ ಸಾಕ್ಷಿ ಇರಲ್ಲ, ಜೊತೆಗೆ ಪ್ರತಿ ಸಲ ಬಿಪಿ ಬೇರೆ. ಫೋನಲ್ಲೇ ಮಾತು ಆಯ್ತು ಅಂದ್ರೆ ಇಟ್ಟ ತಕ್ಷಣ "ಈಗ ಮಾತಾಡಿದಂತೆ 15ನೇ ತಾರೀಖಿನೊಳಗೆ ಹಾಕ್ತೀನಿ ಅಂದಿದೀರಿ, ಥ್ಯಾಂಕ್ಸ್" ಅಂತ ಮೆಸೇಜ್. ಅದಕ್ಕೆ ಅವ್ರು ಇಲ್ಲ ಅನ್ನದಿದ್ರೆ ನಿಮ್ಗೆ ಒಂದು ಬಲ ಸಿಕ್ಕಂಗೆ. ಆ ತಾರೀಖೂ ಹೋಯ್ತು ಅಂದ್ರೆ ಈ ತರ ಒಂದು ಪತ್ರ, ಇಮೇಲಲ್ಲೂ, ಸಹಿ ಪಡೆದು ಕೊಡೋ ಅಂಚೆಯಲ್ಲೂ:

"ಮಾನ್ಯರೇ, ನಿಮ್ಮ ಮನೆಯಲ್ಲಿ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಬಾಡಿಗೆಗೆ ಇದ್ದು, ನೋಟಿಸ್ ಅವಧಿ ಪೂರೈಸಿ, ಎಲ್ಲಾ ಬಿಲ್ ಪಾವತಿಸಿ, ಇಂಥ ದಿನ ಕೀ ಒಪ್ಪಿಸಿದ್ದೇನೆ. ನಾನು ನೀಡಿದ ಡೆಪಾಸಿಟ್ ಮೊತ್ತ ಇಷ್ಟು, ಇದುವರೆಗೆ ವಾಪಸ್ ಬಂದಿಲ್ಲ. ಏನಾದರೂ ಕಡಿತ ಇದ್ದರೆ ಪ್ರತಿಯೊಂದಕ್ಕೂ ಕಾರಣ ಮತ್ತು ಬಿಲ್ ಸಹಿತ ವಿವರ ಕೊಡಿ. ಈ ಪತ್ರ ತಲುಪಿದ 15 ದಿನದೊಳಗೆ ಉಳಿದ ಮೊತ್ತವನ್ನು ಕೆಳಗಿನ ಅಕೌಂಟಿಗೆ ಜಮಾ ಮಾಡಬೇಕಾಗಿ ವಿನಂತಿ. ತಪ್ಪಿದಲ್ಲಿ ಕಾನೂನು ಕ್ರಮ ಕೈಗೊಳ್ಳಬೇಕಾಗುತ್ತದೆ."

ಬೈಗುಳ ಬೇಡ, ನೀವು ಎಷ್ಟು ನೊಂದ್ರಿ ಅನ್ನೋ ಕತೆ ಬೇಡ, ತಾರೀಖು ಮತ್ತೆ ಮೊತ್ತ ಸಾಕು. ಈ ಪತ್ರನ ಮುಂದೊಂದಿನ ನಿಮ್ಮಿಬ್ರನ್ನೂ ನೋಡೇ ಇರದ ಮೂರನೇವ್ರು ಓದ್ತಾರೆ ಅಂದ್ಕೊಂಡು ಬರೀರಿ. ಬಿಲ್ ಕೇಳಿದ್ದೀವಲ್ಲ, ಅಲ್ಲೇ ಎರಡನೇ ಜಾತಿ ಓನರ್‌ಗಳು ಸುಮಾರು ಜನ ಮೆತ್ತಗಾಗೋದು, "ಪೇಂಟಿಂಗ್‌ಗೆ ಸುಮಾರು ಇಷ್ಟಾಗತ್ತೆ" ಅಂತ ಬಾಯಲ್ಲಿ ಹೇಳೋದು ಸುಲಭ, ಕಾಗದದಲ್ಲಿ ತೋರ್ಸೋದು ಕಷ್ಟ. ಕೊಟೇಷನ್ ಕಳ್ಸಿದ್ರೆ ಕೆಲ್ಸ ನಿಜವಾಗ್ಲೂ ಮಾಡ್ಸಿದ ಬಿಲ್ ಎಲ್ಲಿ ಅಂತ ಕೇಳಿ.

ಕಂತಲ್ಲಿ ಕೊಡ್ತೀನಿ ಅಂದ್ರೆ ಒಪ್ಕೊಳ್ಳಿ, ಆದ್ರೆ ತಾರೀಖು ಮತ್ತೆ ಮೊತ್ತ ಬರ್ಸ್ಕೊಳ್ಳಿ. ಸ್ವಲ್ಪ ದುಡ್ಡು ಬಂದಾಗ "ಇಷ್ಟು ಬಂತು, ಇನ್ನು ಇಷ್ಟು ಬಾಕಿ" ಅಂತ ಉತ್ತರ ಹಾಕಿ. ಪೂರ್ತಿ ದುಡ್ಡು ಅಕೌಂಟಲ್ಲಿ ಕಾಣೋವರೆಗೂ "ಎಲ್ಲಾ ಲೆಕ್ಕ ಚುಕ್ತಾ" ಅನ್ನೋ ಕಾಗದಕ್ಕೆ ಸಹಿ ಹಾಕ್ಬೇಡಿ, ಎಷ್ಟೇ ಅವಸರ ಮಾಡಿದ್ರೂ.

ಭಾರತದಲ್ಲಿ ಇರೋರಿಗೆ ಮುಂದಿನ ತಾರೀಖಿನ ಚೆಕ್ ಕೊಡ್ತೀನಿ ಅಂದ್ರೆ ಅದು ಒಳ್ಳೇ ಸುದ್ದಿ. ಬರೀ ಅಡ್ವಾನ್ಸ್ ಬಾಕಿ ಸಿವಿಲ್ ವಿಷ್ಯ, ಚೆಕ್ ಬೌನ್ಸ್ ಆದ್ರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಕೆಳಗೆ ಕ್ರಿಮಿನಲ್ ಕೇಸ್ ಆಗತ್ತೆ, ಓನರ್‌ಗೂ ಅದು ಗೊತ್ತಿರತ್ತೆ. ಇಲ್ಲಿ ದಿನದ ಲೆಕ್ಕ ತಪ್ಪಬಾರ್ದು: ಚೆಕ್ಕನ್ನ ಅದರ ಮೇಲಿನ ತಾರೀಖಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕ್ಬೇಕು, ಬೌನ್ಸ್ ಆಗಿದೆ ಅಂತ ಬ್ಯಾಂಕಿಂದ ತಿಳಿದ 30 ದಿನದೊಳಗೆ ನೋಟಿಸ್ ಕೊಡ್ಬೇಕು, ನೋಟಿಸ್ ತಲುಪಿ 15 ದಿನ ಆದ್ರೂ ಕೊಡ್ಲಿಲ್ಲ ಅಂದ್ರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಲ್ಲಿ ದೂರು.

ಕೋರ್ಟಿಗೆ ಹೋಗೋ ಮಾತು

ವಕೀಲರ ನೋಟಿಸ್‌ಗೇ ಎಷ್ಟೋ ಕೇಸ್ ಮುಗಿಯತ್ತೆ, ಯಾಕಂದ್ರೆ ಅಲ್ಲಿವರ್ಗೂ ನೀವು ಸುಮ್ನೆ ಹೆದರಿಸ್ತಿದೀರಿ ಅಂತಾನೇ ಅವ್ರು ಅಂದ್ಕೊಂಡಿರ್ತಾರೆ. ಅದಾದ್ಮೇಲೂ ಆಗ್ಲಿಲ್ಲ ಅಂದ್ರೆ ಅಮೆರಿಕದಂಥ ಕಡೆ ಸಣ್ಣ ಮೊತ್ತದ ಕೋರ್ಟ್ ಇದೆ, ವಕೀಲರಿಲ್ದೇ ನೀವೇ ಫೋಟೋ ಬಿಲ್ ಹಿಡ್ಕೊಂಡು ಹೋಗ್ಬಹುದು. ಭಾರತದಲ್ಲಿ ಸಿವಿಲ್ ದಾವೆ ನಿಧಾನ, ಸುಳ್ಳು ಹೇಳಲ್ಲ. ಅದಕ್ಕೆ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಹಾಕಿ ನೋಡಿ, ಕೇಸ್ ಹಾಕೋಕ್ ಮುಂಚೇನೇ ಓನರ್‌ನ ಕರ್ಸಿ ಕೂರಿಸಿ ಮಾತಾಡಿಸ್ತಾರೆ, ಲೋಕ ಅದಾಲತ್ತಲ್ಲಿ ರಾಜಿ ಆದ್ರೆ ಅದು ಕೋರ್ಟ್ ಡಿಕ್ರಿಗೆ, ಅಂದ್ರೆ ತೀರ್ಪಿಗೆ ಸಮ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸ್ರಿಗೆ ಆದಾಯ ಎಷ್ಟೇ ಇದ್ರೂ ಉಚಿತ ಕಾನೂನು ನೆರವಿನ ಹಕ್ಕಿದೆ, ಅಗ್ರಿಮೆಂಟ್ ಹೆಂಡ್ತಿ ಹೆಸ್ರಲ್ಲೋ ಅಕ್ಕನ ಹೆಸ್ರಲ್ಲೋ ಇದ್ರೆ ಇದು ನೆನಪಿರ್ಲಿ. ದುಡ್ಡು ಬರ್ಬೇಕಾಗಿದ್ದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕ್ಬೇಕು, ನಾಳೆ ನಾಳೆ ಅಂತ ಅವ್ರು ತಳ್ತಾ ಹೋದ್ರೆ ಈ ಗಡಿಯಾರ ನಿಲ್ಲಲ್ಲ.

ಪೊಲೀಸ್ ಸ್ಟೇಷನ್‌ಗೆ ಹೋದ್ರೆ ಸಾಮಾನ್ಯವಾಗಿ ಇದು ಸಿವಿಲ್ ಮ್ಯಾಟರ್ ಅಂತ ಕಳಿಸ್ತಾರೆ. ಅಳಿಯನ ಫ್ರೆಂಡ್ ರೌಡಿ ತರ ಇದಾನೆ ಕರ್ಕೊಂಡ್ ಹೋಗೋಣ ಅನ್ನೋದು, ಓನರ್ ಫೋಟೋ ಹಾಕಿ ಕಳ್ಳ ಅಂತ ಪೋಸ್ಟ್ ಮಾಡೋದು, ಡೂಪ್ಲಿಕೇಟ್ ಕೀ ಇಟ್ಕೊಂಡು ಮನೆಗೆ ಬೀಗ ಹಾಕೋದು, ಇವನ್ನ ಮಾಡಿದ್ರೆ ಇಷ್ಟು ದಿನ ದುಡ್ಡು ಬರ್ಬೇಕಾದವ್ರು ನೀವಾಗಿದ್ರಿ, ನಾಳೆಯಿಂದ ಕೇಸ್ ಎದುರಿಸೋರೂ ನೀವೇ ಆಗ್ತೀರಿ.

ಒಂದು ಲೆಕ್ಕ ಮಾತ್ರ ನೀವೇ ಹಾಕ್ಕೊಳ್ಬೇಕು, ಉಳಿದಿರೋ ಜಗಳ ಎಷ್ಟರದ್ದು ಅಂತ. ಪೂರ್ತಿ ಅಡ್ವಾನ್ಸೇ ನುಂಗಿದ್ರೆ ಕೋರ್ಟಿಗೆ ಹೋಗಿ, ಬಿಡ್ಬೇಡಿ. ಹತ್ತರಲ್ಲಿ ಒಂಬತ್ತು ಭಾಗ ಕೊಟ್ಟು ಒಂದು ಭಾಗಕ್ಕೆ ತಕರಾರು ಮಾಡ್ತಿದ್ರೆ ವಕೀಲರ ಫೀಸು, ರಜೆ ಹಾಕಿ ಓಡಾಡೋದು ಎಲ್ಲಾ ಸೇರ್ಸಿ ನೋಡಿ.

ನನ್ ಕೇಸಲ್ಲಿ ಪತ್ರ ತಲುಪಿದ ಹನ್ನೊಂದನೇ ದಿನ ಓನರೇ ಫೋನ್ ಮಾಡಿದ್ರು, ಮೊದಲ್ನೇ ಸಲ ಅವ್ರಾಗೇ. ಹೊಸಬ್ರು ಬಂದಿದ್ರು, ದುಡ್ಡು ಬಂದಿತ್ತು. ಎರಡು ಕಂತಲ್ಲಿ ಹಾಕಿದ್ರು, ಒಡೆದ ಒಂದು ಸ್ವಿಚ್‌ಬೋರ್ಡಿಗೆ ಅಂತ ಸ್ವಲ್ಪ ಹಿಡ್ಕೊಂಡ್ರು. ಅದು ನಾನು ಹೋದಾಗ್ಲೇ ಒಡೆದಿತ್ತು, ಆದ್ರೆ ವಿಡಿಯೋದಲ್ಲಿ ಬಾಗಿಲ ಹಿಂದೆ ಬಿಟ್ಟೋಗಿತ್ತು.